ರನಾಂಗ್‌ನ ಮಳೆಯಲ್ಲಿ ಒಂದು ಅಗ್ಗದ ಕೋಣೆ

ಥಾಯ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಮ್ಯಾನ್ಮಾರ್ ಗಡಿಗೆ ಅಂಟಿಕೊಂಡಿರುವ ರನಾಂಗ್ ಎಂಬ ಬಂದರು ಪಟ್ಟಣಕ್ಕೆ ಹೊರಗಿನವರು ಬರುವುದು ಬಹುಮಟ್ಟಿಗೆ ಅಲ್ಲಿಂದ ಮುಂದೆ ಎಲ್ಲಿಗಾದರೂ ದಾಟಿಕೊಳ್ಳುವುದಕ್ಕಾಗಿ. ಕೊ ಫಯಾಮ್ ದ್ವೀಪಕ್ಕೆ ಹೋಗುವ ದೋಣಿಗಳು ಇಲ್ಲಿಂದ ಹೊರಡುತ್ತವೆ. ನದೀಮುಖದ ಆಚೆ ದಡದಲ್ಲಿ ಮ್ಯಾನ್ಮಾರಿನ ದಕ್ಷಿಣ ತುದಿಯ ಕಾವ್‌ಥೌಂಗ್ ಇದೆ. ಥಾಯ್ ವೀಸಾದ ಅವಧಿ ತೀರುತ್ತ ಬಂದ ವಿದೇಶಿಯರು ಬೆಳಿಗ್ಗೆ ಆ ದಡಕ್ಕೆ ಹೋಗಿ, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು, ಅದೇ ದಿನ ಮರಳುವ ಪರಿಪಾಠ ಬಹುಕಾಲ ನಡೆದಿತ್ತು. ಹೀಗಾಗಿ ಇಲ್ಲಿನ ಅಗ್ಗದ ವಸತಿಗೃಹಗಳು ಒಂದು ರಾತ್ರಿ ಕಳೆದು ಹೋಗುವವರನ್ನೇ ನಂಬಿಕೊಂಡು ಬೆಳೆದಂಥವು. ಅಂಥದೊಂದು ಗೆಸ್ಟ್‌ಹೌಸಿನಲ್ಲಿ, ಅದೂ 2025ರ ಜುಲೈ ತಿಂಗಳ ನಡುಮಳೆಯಲ್ಲಿ, ಒಂದು ರಾತ್ರಿಗಿಂತ ಬಹಳ ಹೆಚ್ಚು ಕಾಲ ಉಳಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರುಗಳಲ್ಲಿ ಬಾಡಿಗೆ, ಹಾಸಿಗೆ, ವೈಫೈ ನೋಡಿ ಕೋಣೆ ಹಿಡಿಯಬಹುದು. ರನಾಂಗ್‌ನಲ್ಲಿ ಮಾತ್ರ, ನೀರನ್ನು ಹೊರಗಿಡುವುದಕ್ಕೂ ಒಳಗೆ ಬಂದದ್ದನ್ನು ಒಣಗಿಸುವುದಕ್ಕೂ ಅಲ್ಲಿ ಏನು ವ್ಯವಸ್ಥೆ ಇದೆ ಎಂಬುದನ್ನು ಮೊದಲು ವಿಚಾರಿಸಬೇಕು.

ನಾನು ಹೋದದ್ದು ಬ್ಯಾಂಕಾಕಿನ ಕ್ರುಂಗ್ ಥೇಪ್ ಅಫಿವತ್ ನಿಲ್ದಾಣದಿಂದ ರಾತ್ರಿಯ ರೈಲು ಹಿಡಿದು. ರನಾಂಗ್‌ಗೆ ರೈಲು ಮಾರ್ಗವಿಲ್ಲ. ಪೂರ್ವ ಕರಾವಳಿಯ ಚುಂಫಾನ್‌ನಲ್ಲಿ ಇಳಿದು, ಅಲ್ಲಿಂದ ಮಿನಿವ್ಯಾನಿನಲ್ಲಿ ನಾಲ್ಕನೆಯ ನಂಬರಿನ ಹೆದ್ದಾರಿಯ ಮೇಲೆ ಸುಮಾರು 120 ಕಿಲೋಮೀಟರ್ ಸಾಗಬೇಕು. ದಾರಿಯಲ್ಲಿ ಸಿಗುವ ಕ್ರಾ ಬುರಿ ಪ್ರದೇಶದಲ್ಲಿ ಮಲಯ ಪರ್ಯಾಯದ್ವೀಪ ಅತ್ಯಂತ ಕಿರಿದಾಗುತ್ತದೆ. ಎರಡು ಸಮುದ್ರಗಳ ನಡುವೆ ಅಲ್ಲಿ ಸುಮಾರು 44 ಕಿಲೋಮೀಟರ್ ನೆಲವಷ್ಟೇ ಉಳಿದಿದೆ. ಇಲ್ಲಿ ಕಾಲುವೆ ತೋಡಿ ಹಡಗುಗಳನ್ನು ದಾಟಿಸುವ ಮಾತು ಶತಮಾನಗಳಿಂದ ನಡೆದೇ ಇದೆ, ಕಾಲುವೆ ಮಾತ್ರ ಆಗಿಲ್ಲ. ಚುಂಫಾನ್‌ನಲ್ಲಿ ಒಳ್ಳೆಯ ಬಿಸಿಲಿತ್ತು. ಹಬೆಯಲ್ಲಿ ಬೇಯಿಸಿದ ಬನ್ನಿಗೆ ಹೆಸರಾದ ಥಪ್ ಲೀ ಎಂಬಲ್ಲಿ ವ್ಯಾನು ನಿಂತಾಗ ಹನಿ ಶುರುವಾಗಿತ್ತು. ಅಲ್ಲಿಂದ ಮುಂದೆ ಚಾಲಕನು ವೈಪರನ್ನು ನಿಲ್ಲಿಸಿದ್ದನ್ನು ನಾನು ನೋಡಲಿಲ್ಲ.

ಈ ಮಳೆಗೆ ಕಾರಣ ಮಲೆನಾಡಿನವರಿಗೆ ಬೇಗ ತಿಳಿಯುವಂಥದು. ನಮ್ಮ ಘಟ್ಟದ ಮೇಲೆ ಸುರಿಯುವ ನೈರುತ್ಯ ಮುಂಗಾರೇ ಅಂಡಮಾನ್ ಸಮುದ್ರದ ಕಡೆಯಿಂದ ಇಲ್ಲಿಗೂ ಬರುತ್ತದೆ. ನಮಗೆ ಸಹ್ಯಾದ್ರಿ ಅಡ್ಡ ನಿಂತ ಹಾಗೆ ಇಲ್ಲಿ ಗಡಿಯುದ್ದಕ್ಕೂ ಇಳಿದು ಬಂದ ತೆನಾಸರಿಮ್ ಸಾಲಿನ ಬೆಟ್ಟಗಳು ಮೋಡವನ್ನು ತಡೆಯುತ್ತವೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ರನಾಂಗ್ ಥಾಯ್ಲೆಂಡಿನ ಅತಿ ಹೆಚ್ಚು ಮಳೆಯ ಪ್ರಾಂತಗಳಲ್ಲಿ ಒಂದು. ಎಂಟು ತಿಂಗಳು ಮಳೆ, ನಾಲ್ಕು ತಿಂಗಳು ಬಿಸಿಲು ಎಂಬ ಮಾತು ಊರಿಗೇ ಅಡ್ಡಹೆಸರಾಗಿಬಿಟ್ಟಿದೆ. ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಮುಂದೆ ಇದೇನು ದೊಡ್ಡದಲ್ಲ ಎಂದು ತೀರ್ಥಹಳ್ಳಿ ಕಡೆಯವನಾದ ನಾನು ಮನಸ್ಸಿನಲ್ಲೇ ಸ್ವಲ್ಪ ಬೀಗಿದ್ದೂ ಉಂಟು. ಆದರೆ ನಮ್ಮ ಆಷಾಢದ ಮಳೆಯ ಜೊತೆಗೆ ಚಳಿ ಇರುತ್ತದೆ, ಕಂಬಳಿ ಹೊದೆಯಬಹುದು. ಇಲ್ಲಿ ಮಳೆಯ ಜೊತೆಗಿರುವುದು ಸೆಖೆ. ಮೈ ಹೊರಗಿನಿಂದಲೂ ಒಳಗಿನಿಂದಲೂ ತೋಯುತ್ತದೆ.

ಹಳೆಯ ಊರಿನ ಮುಖ್ಯ ಬೀದಿಯಾದ ರುವಾಂಗ್ರತ್ ರಸ್ತೆಯ ಎರಡೂ ಬದಿಗೆ ಚೀನೀ ಮಾದರಿಯ ಅಂಗಡಿಮನೆಗಳಿವೆ. ತವರದ ಗಣಿಗಾರಿಕೆಯ ಕಾಲದಲ್ಲಿ ಹೊಕ್ಕಿಯೆನ್ ಚೀನೀಯರು ಕಟ್ಟಿ ಬೆಳೆಸಿದ ಊರಿದು. ಹತ್ತೊಂಬತ್ತನೆಯ ಶತಮಾನದಲ್ಲಿ ಫುಜಿಯಾನ್‌ನಿಂದ ಬರಿಗೈಯಲ್ಲಿ ಬಂದು, ತವರದ ಸುಂಕದ ಗುತ್ತಿಗೆ ಹಿಡಿದು, ಕೊನೆಗೆ ಸಯಾಮಿನ ಅರಸರಿಂದ ಇಲ್ಲಿನ ಅಧಿಪತಿಯೆಂದು ನೇಮಕಗೊಂಡ ಖಾವ್ ಸೂ ಚಿಯಾಂಗ್ ಎಂಬಾತನ ವಂಶ ಈ ಕರಾವಳಿಯಲ್ಲಿ ತಲೆಮಾರುಗಳವರೆಗೆ ಪ್ರಬಲವಾಗಿತ್ತು. ಆ ಕಾಲದ ಮನೆಗಳ ಮುಂಭಾಗ ಕಿರಿದು, ಒಳಗೆ ಉದ್ದಕ್ಕೂ ಹೋಗುತ್ತವೆ. ನಡುವೆ ನಮ್ಮ ತೊಟ್ಟಿಮನೆಯ ತೊಟ್ಟಿಯ ಹಾಗೆ ಆಕಾಶಕ್ಕೆ ತೆರೆದ ಒಂದು ಅಂಕಣ. ನಾನು ಉಳಿದದ್ದು ಅಂಥದೇ ಒಂದು ಮನೆಯನ್ನು ಪ್ಲೈವುಡ್ ಗೋಡೆಗಳಿಂದ ಕೋಣೆಗಳಾಗಿ ಹಂಚಿ ಮಾಡಿದ ಗೆಸ್ಟ್‌ಹೌಸಿನಲ್ಲಿ.

ಅಲ್ಲಿಗೆ ತಲುಪುವ ಮೊದಲು ಇನ್ನೂ ಕೆಲವು ಕಡೆ ಹತ್ತಿಳಿದೆ. ದುಡ್ಡು ಕೊಡುವ ಮುಂಚೆ ಕೋಣೆ ತೋರಿಸಿ ಎಂದು ಕೇಳುವುದು ಥಾಯ್ಲೆಂಡಿನಲ್ಲಿ ಸಹಜವಾದ ಸಂಗತಿ, ಯಾರೂ ಮುಖ ಗಂಟಿಕ್ಕುವುದಿಲ್ಲ. ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ಬೀಗದ ಕೈ ಹಿಡಿದವರ ಹಿಂದೆ ಹೋಗಿ ನೋಡಿಕೊಂಡು ಬರಬಹುದು. ಒಂದು ಕಡೆ ನೆಲಮಹಡಿಯ ಕೋಣೆ ಅಗ್ಗಕ್ಕಿತ್ತು, ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿ ಹಪ್ಪಳವಾಗಿತ್ತು. ಇನ್ನೊಂದರಲ್ಲಿ ಮೇಲಿನ ಮಹಡಿ ಗಾಳಿಗೆ ಚೆನ್ನಾಗಿತ್ತು, ಆದರೆ ಮೇಲಿದ್ದದ್ದು ತಗಡಿನ ಮಾಡು. ಮಳೆ ಜೋರಾದ ಕೂಡಲೇ ಜೊತೆಗಿದ್ದ ಹುಡುಗನು ಹೇಳುತ್ತಿದ್ದ ಬಾಡಿಗೆ ನನಗೆ ಕೇಳಿಸದೆ, ಅವನು ಬೆರಳುಗಳಲ್ಲಿ ತೋರಿಸಬೇಕಾಯಿತು. ಮತ್ತೊಂದು ಎ.ಸಿ. ಕೋಣೆಗೆ ಕಿಟಕಿಯೇ ಇರಲಿಲ್ಲ. ಎ.ಸಿ. ಓಡುವಷ್ಟು ಹೊತ್ತು ಗಾಳಿ ಒಣಗಿರುತ್ತದೆ ನಿಜ, ನಿಲ್ಲಿಸಿದ ಒಂದು ಗಂಟೆಯಲ್ಲಿ ಬೂಷ್ಟಿನ ವಾಸನೆ ದಿಂಬಿನಿಂದ ಎದ್ದು ಬರುತ್ತದೆ. ಎಲ್ಲವನ್ನೂ ನೋಡಿದ ಮೇಲೆ ನಡುಮಹಡಿಯಲ್ಲಿ, ಒಳ ಅಂಕಣಕ್ಕೆ ಕಿಟಕಿ ತೆರೆಯುವ, ಫ್ಯಾನ್ ಮಾತ್ರ ಇರುವ ಕೋಣೆಯನ್ನು ಆರಿಸಿಕೊಂಡೆ. ದಿನಕ್ಕೆ 300 ಬಾಟ್. ಸ್ನಾನದ ಮನೆ ಹೊರಗೆ, ಹಂಚಿಕೊಳ್ಳುವಂಥದು.

ಯಜಮಾನಿಗೆ ಅರುವತ್ತು ದಾಟಿದ ವಯಸ್ಸು. ಊರಿನವರೆಲ್ಲ ಆಕೆಯನ್ನು ದೊಡ್ಡಮ್ಮ ಎಂಬರ್ಥದಲ್ಲಿ ‘ಪಾ’ ಎಂದು ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಮೇಜಿನ ಮೇಲೆ ಕನ್ನಡಕ, ರಸೀತಿ ಪುಸ್ತಕ, ಒದ್ದೆ ಛತ್ರಿಗಳಿಗೆಂದು ಪಕ್ಕದಲ್ಲೇ ಒಂದು ಬಣ್ಣದ ಡಬ್ಬಿ. ಪಾಸ್‌ಪೋರ್ಟ್ ತೆಗೆದುಕೊಂಡು ನಕಲು ಮಾಡಿ ಕೂಡಲೇ ಹಿಂದಿರುಗಿಸಿದರು. ಅದನ್ನು ಅಡವಿಟ್ಟುಕೊಳ್ಳುವ ಜಾಗಗಳಿದ್ದರೆ ಅಲ್ಲಿ ಉಳಿಯದಿರುವುದೇ ಲೇಸು. ವಿದೇಶಿಯರು ತಂಗಿದ ಸುದ್ದಿಯನ್ನು 24 ಗಂಟೆಯೊಳಗೆ ವಲಸೆ ಇಲಾಖೆಗೆ ತಿಳಿಸುವುದು ಥಾಯ್ ವಲಸೆ ಕಾಯ್ದೆಯ ಪ್ರಕಾರ ಮನೆಯ ಯಜಮಾನರ ಹೊಣೆ. ಹಾಗಾಗಿ ಈ ನಕಲು ಬರಿಯ ಶಾಸ್ತ್ರಕ್ಕಲ್ಲ. ಆ ವರ್ಷದ ಮೇ 1ರಿಂದ ದೇಶದೊಳಗೆ ಬರುವವರು ಆನ್‌ಲೈನಿನಲ್ಲಿ ತುಂಬಬೇಕಾದ ಡಿಜಿಟಲ್ ಆಗಮನ ಪತ್ರದಲ್ಲೂ ತಂಗುವ ವಿಳಾಸವನ್ನು ಕೇಳುತ್ತಾರೆ. ನಾನು ಅಲ್ಲಿ ಬ್ಯಾಂಕಾಕಿನ ವಿಳಾಸ ಕೊಟ್ಟಿದ್ದರಿಂದ ‘ಪಾ’ ಇಲ್ಲಿನದನ್ನು ಹೊಸದಾಗಿಯೇ ತುಂಬಬೇಕಾಯಿತು. ಫೋನಿನ ಪರದೆಯನ್ನು ತೋಳಿನಷ್ಟು ದೂರ ಹಿಡಿದು, ನನ್ನ ತಂದೆಯ ಹೆಸರು ಎಲ್ಲಿ ಮುಗಿದು ನನ್ನ ಹೆಸರು ಎಲ್ಲಿ ಶುರುವಾಗುತ್ತದೆ ಎಂದು ತಾಳ್ಮೆಯಿಂದ ಕೇಳಿ ತುಂಬಿದರು. ಬೀಗದ ಕೈಗೆ 200 ಬಾಟ್ ಠೇವಣಿ. ರಸೀತಿಯ ಮೇಲೆ ಇಸವಿ 2568 ಎಂದಿತ್ತು. ಬುದ್ಧ ಶಕೆ ನಮ್ಮ ಲೆಕ್ಕಕ್ಕಿಂತ 543 ವರ್ಷ ಮುಂದೆ.

ಕೋಣೆಯಲ್ಲಿ ಗಟ್ಟಿ ಹಾಸಿಗೆ, ಒಂದು ದಿಂಬು, ಗೋಡೆಗೆ ಬಡಿದ ಫ್ಯಾನು, ಬಟ್ಟೆ ನೇತುಹಾಕುವ ಕೊಕ್ಕೆಗಳು, ಇಷ್ಟೇ. ವಿದ್ಯುತ್ ಸಾಕೆಟ್ಟು ನಮ್ಮ ಎರಡು ಕಡ್ಡಿಯ ಚಾರ್ಜರಿಗೆ ಹೊಂದುತ್ತದೆ, ಮೂರು ಕಡ್ಡಿಯ ಲ್ಯಾಪ್‌ಟಾಪ್ ಪ್ಲಗ್ಗಿಗೆ ಹೊಂದುವುದಿಲ್ಲ. ಅದಕ್ಕೆ ಅಡಾಪ್ಟರ್ ಬೇಕು. ಸ್ನಾನದ ಮನೆಯಲ್ಲಿ ನೀರು ಹಾಯುತ್ತಲೇ ಕಾಯಿಸುವ ಪುಟ್ಟ ಹೀಟರು. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಮೊದಲು ಒತ್ತಿ, ವಿದ್ಯುತ್ ಕಡಿದುಕೊಳ್ಳುತ್ತದೆಯೇ ಎಂದು ನೋಡಿ, ಆಮೇಲೆ ಸ್ನಾನಕ್ಕೆ ನಿಲ್ಲುವುದನ್ನು ನಾನು ಅಲ್ಲಿ ರೂಢಿ ಮಾಡಿಕೊಂಡೆ. ಗೋಡೆಯೇ ಬೆವರುವ ಕಟ್ಟಡದಲ್ಲಿ ಇದು ಅತಿಯಾದ ಜಾಗ್ರತೆಯಲ್ಲ. ಬಾಗಿಲ ಹಿಂದೆ ಎರಡು ಹಣ್ಣಿನ ಚಿತ್ರಗಳ ಮೇಲೆ ಕೆಂಪು ಗೀಟು ಎಳೆದ ಫಲಕವಿತ್ತು. ದುರಿಯನ್ ಹಣ್ಣನ್ನು ವಾಸನೆಗಾಗಿ ಬೇಡವೆನ್ನುವುದು ಎಲ್ಲರಿಗೂ ಗೊತ್ತು. ಮ್ಯಾಂಗೊಸ್ಟೀನನ್ನು ಏಕೆ ಬೇಡವೆನ್ನುತ್ತಾರೆಂದು ಪಕ್ಕದ ಕೋಣೆಯ ಯುರೋಪಿನ ಹುಡುಗನಿಗೆ ಅರ್ಥವಾಗಿರಲಿಲ್ಲ. ಅದರ ಸಿಪ್ಪೆಯ ರಸ ಹಾಸಿಗೆಯ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಮುರುಗಲು ಹಣ್ಣಿನ ಕಲೆ ಮಾಡಿಕೊಂಡು ಮನೆಯಲ್ಲಿ ಬೈಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಎರಡೂ ಒಂದೇ ಗಾರ್ಸೀನಿಯಾ ಜಾತಿಯ ಮರಗಳು. ಬೀದಿಯ ತಳ್ಳುಗಾಡಿಯಲ್ಲಿ ಕಿಲೋಗಟ್ಟಲೆ ಹಣ್ಣು ಬಿದ್ದಿದ್ದ ಕಾಲವಾದ್ದರಿಂದ, ನಾವೆಲ್ಲ ಕೆಳಗಿನ ಅಂಕಣದ ಬಳಿ ಪತ್ರಿಕೆ ಹಾಸಿಕೊಂಡು ಕುಳಿತು ತಿನ್ನುತ್ತಿದ್ದೆವು.

ಇನ್ನು ಒದ್ದೆಯ ವಿಷಯ. ಮೊದಲ ಸಂಜೆ ಒಗೆದು ಫ್ಯಾನಿನ ಕೆಳಗೆ ಹರವಿದ ಅಂಗಿ ಮರುದಿನ ಸಂಜೆಗೂ ಹಾಗೇ ತಣ್ಣಗಿತ್ತು, ಮೂರನೆಯ ದಿನಕ್ಕೆ ಮುಗ್ಗುಲು ವಾಸನೆ ಹಿಡಿಯಿತು. ಜೀನ್ಸ್ ಬಟ್ಟೆಯನ್ನಂತೂ ಈ ಊರಿಗೆ ತರಲೇಬಾರದು. ಊರಿನಲ್ಲಿ ಕಿಲೋ ಲೆಕ್ಕದಲ್ಲಿ ಬಟ್ಟೆ ಒಗೆದುಕೊಡುವ ಅಂಗಡಿಗಳಿವೆ, ಆದರೆ ಬಿಸಿಲನ್ನು ನಂಬಿದ ಅಂಗಡಿಯಾದರೆ ಬಟ್ಟೆ ಎಂದು ಕೈಸೇರುತ್ತದೆಂದು ಅವರಿಗೂ ಗೊತ್ತಿರುವುದಿಲ್ಲ. ಒಣಗಿಸುವ ಯಂತ್ರ ಇದೆಯೇ ಎಂದು ಕೇಳಿಯೇ ಕೊಡಬೇಕು. ನಾಣ್ಯ ಹಾಕಿ ನಾವೇ ನಡೆಸುವ, ಹಗಲೂ ರಾತ್ರಿಯೂ ತೆರೆದಿರುವ ಯಂತ್ರಗಳ ಅಂಗಡಿಗಳು ಇದಕ್ಕಿಂತ ಮೇಲು. ರಾತ್ರಿ ಹತ್ತರ ಮೇಲೆ ಅಲ್ಲಿಗೆ ಹೋದರೆ ಬರ್ಮಾದ ಮೀನುಗಾರ ಹುಡುಗರು, ಆಸ್ಪತ್ರೆಯ ಸಮವಸ್ತ್ರ ತಂದ ದಾದಿಯರು, ಶಾಲೆಯ ಮಕ್ಕಳ ತಾಯಂದಿರು ಎಲ್ಲರೂ ಬಿಸಿ ಡ್ರಮ್ಮಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತಿರುತ್ತಿದ್ದರು. ಊರಿನ ನಿಜವಾದ ಚಾವಡಿ ಅದೇ ಎಂದು ನನಗನ್ನಿಸಿತು.

‘ಪಾ’ ತಮ್ಮ ಮನೆಗೆ ಮಾಡಿಕೊಂಡಿದ್ದ ಉಪಾಯ ಬೇರೆ. ಒಳ ಅಂಕಣದ ಮೇಲೆ, ಮಾಡಿಗಿಂತ ಒಂದಡಿ ಎತ್ತರಕ್ಕೆ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದ್ದರು. ಮಳೆ ಒಳಗೆ ಬೀಳುತ್ತಿರಲಿಲ್ಲ, ಆ ಒಂದಡಿಯ ಸಂದಿನಿಂದ ಸೆಖೆ ಮೇಲೇರಿ ಹೊರಗೆ ಹೋಗುತ್ತಿತ್ತು, ಬೀದಿ ಕಡೆಯ ಬಾಗಿಲಿನಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಆ ಗಾಳಿಯ ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಹಾಸಿಗೆಯ ಬಟ್ಟೆಗಳನ್ನು ಮೊದಲು ಯಂತ್ರದಲ್ಲಿ ಹಿಂಡಿ, ಆಮೇಲೆ ಅಲ್ಲಿ ಹಾಕಿ, ಕೆಳಗೆ ನಿಲ್ಲುವ ದೊಡ್ಡ ಫ್ಯಾನನ್ನು ಮೇಲ್ಮುಖವಾಗಿ ತಿರುಗಿಸಿಡುತ್ತಿದ್ದರು. ಅತಿಥಿಗಳಿಗೆ ಆ ಹಗ್ಗದ ಒಂದು ತುದಿ ಬಿಟ್ಟುಕೊಡುತ್ತಿದ್ದರು, ಒಗೆಯಲು ಕೊಟ್ಟರೆ ಕಿಲೋಗೆ 40 ಬಾಟ್. ನನ್ನ ಕಿಟಕಿ ಅದೇ ಅಂಕಣಕ್ಕೆ ತೆರೆಯುತ್ತಿದ್ದದ್ದರಿಂದ ಆ ಫ್ಯಾನಿನ ಗಾಳಿ ಪುಕ್ಕಟೆಯಾಗಿ ನನ್ನ ಕೋಣೆಗೂ ಬರುತ್ತಿತ್ತು. ಬೂಟುಗಳನ್ನು ಮಾತ್ರ ಯಾರೂ ಒಣಗಿಸಲಾರರು. ಎರಡನೆಯ ದಿನವೇ ರಬ್ಬರ್ ಚಪ್ಪಲಿ ಕೊಂಡೆ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಇಲ್ಲಿ ಮೊದಲು ಕಾಡುತ್ತದೆ, ಏಕೆಂದರೆ ಮೀನಿನ ಬಂದರಿನಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸದ ಒಗ್ಗರಣೆ. ಆದರೆ ಚೀನೀಯರ ಊರಾಗಿರುವುದರಿಂದ ಹಳದಿ ಬಟ್ಟೆಯ ಮೇಲೆ ಕೆಂಪಕ್ಷರ ಬರೆದ ಸಣ್ಣ ಬಾವುಟಗಳನ್ನು ತೂಗುಹಾಕಿದ ‘ಜೇ’ ಅಂಗಡಿಗಳು ಸಿಗುತ್ತವೆ. ಅವರ ನೇಮ ನಮ್ಮ ಮಠದ ಅಡುಗೆಯಷ್ಟೇ ಕಟ್ಟುನಿಟ್ಟು: ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೆಳಗಿನ ಮಾರುಕಟ್ಟೆಯಲ್ಲಿ ಬಿಸಿ ಸೋಯಾ ಹಾಲಿಗೆ ಅದ್ದಿ ತಿನ್ನುವ, ಎಣ್ಣೆಯಲ್ಲಿ ಕರಿದ ‘ಪಾತೊಂಗ್ಕೊ’ ಸಿಗುತ್ತಿತ್ತು. ಮಧ್ಯಾಹ್ನ ಅಂಗಡಿ ಬೇಗ ಮುಚ್ಚುವುದರಿಂದ ಹನ್ನೆರಡರೊಳಗೆ ಹೋಗಬೇಕು. ಸಂಜೆಗೆ ಮೀನುಬಂದರಿನ ಕಡೆಯ ಬರ್ಮಾದವರ ಚಹದಂಗಡಿಯ ಪರೋಟ.

ಆ ಮೀನುಬಂದರಿಗೆ ಸಫಾನ್ ಪ್ಲಾ ಎನ್ನುತ್ತಾರೆ, ಊರಿನಿಂದ ಐದಾರು ಕಿಲೋಮೀಟರ್. ಹಿಂಭಾಗದಲ್ಲಿ ಎರಡು ಬೆಂಚು ಹಾಕಿದ ಪಿಕಪ್ ಗಾಡಿಗಳು ಹೋಗುತ್ತಿರುತ್ತವೆ. ಅಲ್ಲಿ ಫಲಕಗಳು ಥಾಯ್ ಭಾಷೆಯಲ್ಲಿರುವಷ್ಟೇ ಬರ್ಮೀಸಿನಲ್ಲೂ ಇವೆ. ಲುಂಗಿ ಉಟ್ಟವರು, ಕೆನ್ನೆಗೆ ತನಾಕಾ ಗಂಧ ಬಳಿದುಕೊಂಡ ಹೆಂಗಸರು ನೀಲಿ ಪ್ಲಾಸ್ಟಿಕ್ ಪೀಪಾಯಿಗಳಿಂದ ಮೀನು ಸುರಿದು, ಗಾತ್ರ ನೋಡಿ ವಿಂಗಡಿಸುತ್ತಿರುತ್ತಾರೆ. ಎದುರಿನ ಕಾವ್‌ಥೌಂಗ್ ಬ್ರಿಟಿಷರ ಕಾಲದಲ್ಲಿ ವಿಕ್ಟೋರಿಯಾ ಪಾಯಿಂಟ್ ಆಗಿತ್ತು. 1937ರಲ್ಲಿ ಬರ್ಮಾವನ್ನು ಬೇರ್ಪಡಿಸುವವರೆಗೆ ಅದು ಬ್ರಿಟಿಷ್ ಭಾರತದ ನೆಲವೇ. ಈ ನೀರನ್ನು ನಾವು ಪ್ರವಾಸಿಗರು ದಾಟುವುದಕ್ಕೂ ಅವರು ದಾಟುವುದಕ್ಕೂ ಇರುವ ಅಂತರವನ್ನು ಮರೆಯಲಾಗದು. 2008ರ ಏಪ್ರಿಲಿನಲ್ಲಿ ಇದೇ ಪ್ರಾಂತದಿಂದ ಫುಕೆಟ್ ಕಡೆಗೆ ಗುಟ್ಟಾಗಿ ಸಾಗಿಸುತ್ತಿದ್ದ 121 ಬರ್ಮಾ ಕಾರ್ಮಿಕರಲ್ಲಿ 54 ಮಂದಿ ಮುಚ್ಚಿದ ಕಂಟೇನರಿನೊಳಗೆ ಉಸಿರುಕಟ್ಟಿ ಸತ್ತರು. ನಮ್ಮ ಗೆಸ್ಟ್‌ಹೌಸಿನಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಂಗಸು ಆ ದಡದವರೇ. ಆಕೆಯ ಗುಲಾಬಿ ಬಣ್ಣದ ಗುರುತಿನ ಕಾರ್ಡು ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ, ಕುತ್ತಿಗೆಯ ದಾರಕ್ಕೆ ಕಟ್ಟಿಕೊಂಡಿರುತ್ತಿತ್ತು.

ನಾನು ಅಷ್ಟು ಕಾಲ ಉಳಿಯಬೇಕಾದದ್ದು ದೋಣಿಯ ದೆಸೆಯಿಂದ. ಕೊ ಫಯಾಮಿಗೆ ನಿಧಾನದ ದೋಣಿಯಲ್ಲಿ ಸುಮಾರು ಎರಡು ಗಂಟೆ, ಸ್ಪೀಡ್‌ಬೋಟಿನಲ್ಲಿ ಮುಕ್ಕಾಲು ಗಂಟೆಯೊಳಗೆ. ಮಳೆಗಾಲದಲ್ಲಿ ಸಂಚಾರ ಕಡಿಮೆ, ಅಲೆ ಎದ್ದರೆ ಅದೂ ಇಲ್ಲ. ದಕ್ಷಿಣದ ಸುರಿನ್ ದ್ವೀಪಗಳ ರಾಷ್ಟ್ರೀಯ ಉದ್ಯಾನವಂತೂ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ಚುಂಫಾನ್‌ನ ಒಬ್ಬ ಏಜೆಂಟನು ವ್ಯಾನು ಮತ್ತು ದೋಣಿ ಎರಡನ್ನೂ ಸೇರಿಸಿ ಮಾರಿದ್ದ ಟಿಕೆಟ್ಟು ನನ್ನ ಬಳಿ ಇತ್ತು. ದೋಣಿ ರದ್ದಾದ ಮೇಲೆ ಹಣ ವಾಪಸು ಕೇಳಿದರೆ, ತಾರೀಖು ಬದಲಿಸಿಕೊಡುತ್ತೇವೆಂಬ ಒಂದೇ ಉತ್ತರ. ಮಳೆಗಾಲದಲ್ಲಿ ಇಂಥ ಜೋಡಿ ಟಿಕೆಟ್ಟು ಮಾರುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ದೋಣಿಯ ಟಿಕೆಟ್ಟನ್ನು ಹೊರಡುವ ಬೆಳಿಗ್ಗೆ ಕಟ್ಟೆಯ ಮೇಲೆ ಕೊಳ್ಳುವುದು ಸರಿಯಾದ ಕ್ರಮ. ‘ಪಾ’ ಪ್ರತಿದಿನ ಏಳೂವರೆಗೆ ಕಟ್ಟೆಯಲ್ಲಿರುವ ತಮ್ಮ ಸೋದರಳಿಯನಿಗೆ ಫೋನು ಮಾಡಿ, ಮೆಟ್ಟಿಲ ಕೆಳಗಿನಿಂದಲೇ “ಇವತ್ತು ದೋಣಿ ಇಲ್ಲ” ಎಂದು ಕೂಗುತ್ತಿದ್ದರು. ಹಾಗೆ ಕೂಗಿದ ದಿನಗಳ ಬಾಡಿಗೆಯಲ್ಲಿ ಮುರಿದುಕೊಟ್ಟದ್ದೇನೂ ಇಲ್ಲ, ಆದರೆ ಕೋಣೆ ಬಿಡುವ ಹೊತ್ತು ಹನ್ನೊಂದು ಎಂದಿದ್ದರೂ ನಿರ್ಧಾರವನ್ನು ಮಧ್ಯಾಹ್ನದವರೆಗೆ ಮುಂದೂಡಲು ಬಿಟ್ಟರು.

ಕಾಯುವ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಊರಿನ ಅಂಚಿನ ರಕ್ಸಾವರಿನ್ ಬಿಸಿನೀರಿನ ಬುಗ್ಗೆಗಳು. ಗೆಸ್ಟ್‌ಹೌಸಿನಿಂದ ನಡೆದೇ ಹೋಗಬಹುದು. ಬುಗ್ಗೆಯಲ್ಲಿ ನೀರಿನ ಶಾಖ ಸುಮಾರು 65 ಡಿಗ್ರಿ, ಗಂಧಕದ ವಾಸನೆ ಇಲ್ಲ. ಸಾರ್ವಜನಿಕ ಕೊಳಗಳಲ್ಲಿ ಕಾಲು ಇಳಿಬಿಟ್ಟು ಕೂರಲು ದುಡ್ಡು ಕೊಡಬೇಕಾಗಿಲ್ಲ. ಕೊಳಕ್ಕಿಂತಲೂ ನನಗೆ ಹಿಡಿಸಿದ್ದು ಮಾಡಿನ ಕೆಳಗಿನ ಬಿಸಿ ನೆಲ. ಬುಗ್ಗೆಯ ಶಾಖದಿಂದಲೇ ಬೆಚ್ಚಗಿರುವ ಆ ಹಾಸಿನ ಮೇಲೆ ಊರಿನ ಮುದುಕರು ಟವೆಲ್ ಹಾಸಿಕೊಂಡು ಬೆನ್ನು ಕೊಟ್ಟು ಮಲಗಿರುತ್ತಾರೆ. ಹೊರಗೆ ಧಾರಾಕಾರ ಸುರಿಯುತ್ತಿದ್ದರೂ ಅಲ್ಲಿ ಅರ್ಧ ಗಂಟೆ ಮಲಗಿ ಎದ್ದರೆ ಉಟ್ಟ ಬಟ್ಟೆ ಮೈಮೇಲೆಯೇ ಒಣಗಿರುತ್ತಿತ್ತು. ಮರಳಿ ಬರುವಾಗ ಮತ್ತೆ ತೋಯುವುದು ಬೇರೆ ಮಾತು.

ಕೊನೆಗೆ ದೋಣಿ ಹೊರಟಿತು, ದ್ವೀಪವನ್ನೂ ನೋಡಿದೆ. ಅಲ್ಲಿನ ಗೇರುತೋಟಗಳ ವಿಷಯ ಇಲ್ಲಿ ಬೇಡ. ಕೋಣೆ ಬಿಡುವ ದಿನ ‘ಪಾ’ ಮೇಲೆ ಬಂದು ಫ್ಯಾನು ತಿರುಗಿಸಿ ನೋಡಿದರು, ದಿಂಬಿನ ಚೀಲ ಎಣಿಸಿದರು, ಹಾಸಿಗೆಯ ಬಟ್ಟೆಯನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲು ಪರೀಕ್ಷಿಸಿದರು. ಮ್ಯಾಂಗೊಸ್ಟೀನ್ ಕಲೆ ಇರಲಿಲ್ಲ. ಬಾಕಿಯಿದ್ದ ಎರಡು ಕಿಲೋ ಬಟ್ಟೆಯ ಲೆಕ್ಕಕ್ಕೆ 80 ಬಾಟ್ ಹಿಡಿದುಕೊಂಡು, ಠೇವಣಿಯ ಉಳಿದ 120 ಬಾಟನ್ನು ಎಣಿಸಿ ಕೈಗಿತ್ತರು. ಛತ್ರಿಗಳ ಡಬ್ಬಿಯಿಂದ, ಯಾರೋ ಬಿಟ್ಟುಹೋದದ್ದೆಂದು ಹೇಳಿ, ಒಂದು ಕಡ್ಡಿ ಮುರಿದ ಛತ್ರಿಯನ್ನೂ ಕೊಟ್ಟರು. ಬಸ್ ನಿಲ್ದಾಣಕ್ಕೆ ಅಷ್ಟು ಸಾಕಾಯಿತು.